ಲೆರ್ವಾ ಮನೆತನದ ಕಿರೀಟ

ಫುಲ್ಬೆರ್ ಲೆರ್ವಾ ರೈಲಿನಲ್ಲಿ ಟಿಕೆಟ್ ಚೆಕ್ ಮಾಡಿ ನಿವೃತ್ತನಾದವನು. ಅವನು ಟಿಕೆಟ್ ಕೇಳುವ ಠೀವಿ ನೋಡಿದರೆ ಕಪ್ಪ ವಸೂಲಿಗೆ ಬಂದವನೆಂದೇ ಅನ್ನಿಸುತ್ತಿತ್ತು. ಫ್ರೆಂಚಿನಲ್ಲಿ ಲೆರ್ವಾ ಎಂದರೆ ರಾಜ. ಅಷ್ಟಕ್ಕೇ ತಾನು ರಾಜವಂಶದವನೆಂದು ನಂಬಿ, ಟಪಾಲು ಡಬ್ಬಿಯ ಮೇಲೆ ಹಳೇ ಫ್ರೆಂಚ್ ರಾಜರ ಲಿಲ್ಲಿ ಹೂವಿನ ಲಾಂಛನ ಬರೆಸಿದ್ದ. ಅದರೊಳಗೆ ಬೀಳುತ್ತಿದ್ದದ್ದು ಮಾತ್ರ ಕರೆಂಟ್ ಬಿಲ್ಲು.

ನಾನು ಅವನ ಎದುರುಮನೆಯ ಬೇಕರಿಯವಳು. ನಮ್ಮ ಮನೆತನ ಫೂರ್ನಿಯೆ, ಅಂದರೆ ಒಲೆ ಕಾಯುವವರು. ಇವತ್ತಿಗೂ ಕಾಯುತ್ತಲೇ ಇದ್ದೇವೆ, ಬೇಜಾರೇನಿಲ್ಲ. ಅವನ ಮಗಳು ಒಡಿಲ್ ಮೆಚ್ಚಿದ್ದು ಬಸ್ತಿಯಾನ್ ಶೆವ್ರಿಯೆಯನ್ನು. ಶೆವ್ರಿಯೆ ಎಂದರೆ ಆಡು ಕಾಯುವವನು. ಅವರ ಹಿತ್ತಲ ತುಂಬ ಈಗಲೂ ಆಡುಗಳೇ.

"ರಾಜರ ಮನೆ ಹುಡುಗಿ ಆಡಿನವರ ಮನೆ ಸೇರ್ತಾಳಾ? ಮದುವೆ ದಿನ ನಾನಂತೂ ಅವಳನ್ನ ಕೈಹಿಡಿದು ಚರ್ಚಿಗೆ ಕರ್ಕೊಂಡು ಬರಲ್ಲ," ಎಂದುಬಿಟ್ಟ ಲೆರ್ವಾ.

"ಅಮ್ಮನೂ ಇಲ್ಲ. ಅಪ್ಪ ಬರದೇ ಇದ್ರೆ ನಾನು ಮದುವೇನೇ ಆಗಲ್ಲ," ಎಂದು ಒಡಿಲ್ ನನ್ನ ಅಂಗಡಿಯಲ್ಲಿ ಕೂತು ಅತ್ತಳು. ನನಗೆ ಮೈಯೆಲ್ಲ ಉರಿದುಹೋಯಿತು.

ಊರಿನ ಟೀಚರಮ್ಮ ತಾಳ್ಮೆಯಿಂದ ಹೇಳಿನೋಡಿದರು: "ನೋಡು ಫುಲ್ಬೆರ್, ನಿಜವಾದ ರಾಜರಿಗೆ ಲೆರ್ವಾ ಅಂತ ಹೆಸರು ಯಾಕಪ್ಪ ಬೇಕು? ಹಿಂದೆ ರಾಜರ ಹಬ್ಬದ ರೊಟ್ಟೀಲಿ ಬಚ್ಚಿಟ್ಟ ಕಾಳು ಸಿಕ್ಕೋನು, ಬಿಲ್ಲಿನ ಪಂದ್ಯ ಗೆದ್ದೋನು, ಆ ವರ್ಷಕ್ಕೆ ರಾಜ. ಸುಮ್ನೆ ಜಂಬ ಕೊಚ್ಚೋನಿಗೂ ಜನ ಹಂಗೇ ಕರೀತಿದ್ರು. ಆ ಅಡ್ಡಹೆಸರು ಮನೆತನಕ್ಕೇ ಅಂಟ್ಕೊಂತು."

"ಅವರು ಬೇರೆ ಲೆರ್ವಾಗಳು," ಎಂದ ಅವನು.

ಜನವರಿಯಲ್ಲಿ, ಬಾಲಯೇಸುವನ್ನು ಕಾಣಬಂದ ಮೂವರು ರಾಜರ ಹಬ್ಬಕ್ಕೆ ನಾನೇ ಎರಡೂ ಮನೆಯವರನ್ನು ಊಟಕ್ಕೆ ಕರೆದೆ. ಪುಕ್ಕಟೆ ಊಟವೆಂದರೆ ರಾಜವಂಶದವರೂ ಬರುತ್ತಾರೆ. ಬಾದಾಮಿ ಹೂರಣದ ರೊಟ್ಟಿಯೊಳಗೆ ಈಗೆಲ್ಲ ಕಾಳಿನ ಬದಲು ಪುಟ್ಟ ಪಿಂಗಾಣಿ ಬೊಂಬೆ ಇಡುತ್ತೇವೆ. ಅದು ಸಿಕ್ಕವರ ತಲೆಗೆ ಕಾಗದದ ಕಿರೀಟ. ಆ ತುಂಡು ಯಾರ ತಟ್ಟೆಗೆ ಹೋಗುತ್ತದೆಂದು ಬಡಿಸುವವಳಿಗೆ ಗೊತ್ತಿರಬಹುದು, ಇಲ್ಲದೆಯೂ ಇರಬಹುದು.

ಲೆರ್ವಾನ ಹಲ್ಲಿಗೆ ಏನೋ ಕಟಕ್ಕೆಂದಿತು. ಅವನ ಮುಖ ಬಿಳಿಚಿಕೊಂಡಿತು. ಉಗಿದರೆ ತಾನು ಟೀಚರಮ್ಮ ಹೇಳಿದ ಕಾಳಿನ ರಾಜನೇ ಆಗಿಬಿಡುತ್ತೇನೆಂದು ಪುಣ್ಯಾತ್ಮ ಬೊಂಬೆಯನ್ನು ನುಂಗಹೋದ. ಅದು ಗಂಟಲಿಗೆ ಅಡ್ಡ ಸಿಕ್ಕಿತು. ಕಣ್ಣು ಮೇಲಾದವು, ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಒಡಿಲ್ ಅಪ್ಪಾ ಎಂದು ಚೀರಿದಳು. ಬಸ್ತಿಯಾನ್ ಎದ್ದು ಬಂದು, ಅವನನ್ನು ಬಗ್ಗಿಸಿ ಬೆನ್ನಿಗೆ ಬಲವಾಗಿ ಗುದ್ದಿದ. ಬೊಂಬೆ ಮೇಜಿನ ಮೇಲೆ ಬಿತ್ತು.

"ಎಲ್ಲಿ ಕಲ್ತೆ ಇದನ್ನ?" ಎಂದ ಲೆರ್ವಾ, ಉಸಿರು ಬಂದ ಮೇಲೆ.

"ಮರಿಗಳ ಗಂಟಲಿಗೆ ಏನಾದ್ರೂ ಸಿಕ್ಕಿಕೊಂಡ್ರೆ ನಮ್ಮಮ್ಮ ಹಿಂಗೇ ಗುದ್ದೋದು."

ಯಾರೂ ನಗಲಿಲ್ಲ. ನನಗೂ ಆ ಕ್ಷಣ ಅವನ ಮೇಲೆ ಕನಿಕರವೇ ಬಂತು. ಒಡಿಲ್ ಕಾಗದದ ಕಿರೀಟವನ್ನು ಅಪ್ಪನ ತಲೆಗಿಟ್ಟಳು. ಅವನು ತೆಗೆದೆಸೆಯಲಿಲ್ಲ.

ಕಿರೀಟ ತೊಟ್ಟವನು ಪಂಕ್ತಿಯಲ್ಲೊಬ್ಬರನ್ನು ರಾಣಿಯೆಂದು ಆರಿಸಿ ಪಕ್ಕದಲ್ಲಿ ಕೂರಿಸಿಕೊಳ್ಳಬೇಕು. ಲೆರ್ವಾ ಕಣ್ಣೊರೆಸಿಕೊಂಡು ಎಲ್ಲರನ್ನೂ ನೋಡಿದ. ಆಮೇಲೆ ಬಸ್ತಿಯಾನನ ತಾಯಿಗೆ ತನ್ನ ಪಕ್ಕದ ಕುರ್ಚಿ ಎಳೆದುಕೊಟ್ಟ.

"ಬನ್ನಿ ಬೀಗಿತಿಯೋರೇ, ಕೂತ್ಕೊಳ್ಳಿ," ಎಂದ.