ಪಕ್ಕದ ಮನೆಯ ಹೂಂ

ಕೊಳ್ಳೇಗಾಲದ ನಮ್ಮ ಪಕ್ಕದ ಮನೆಯ ನೇಕಾರರು ಸಂಜೆ ಜಗಲಿಯಲ್ಲಿ ರಾಜರ ಕತೆ ಹೇಳುವರು. ಹೆಂಡತಿ ರೇಷ್ಮೆ ನೂಲು ಸುತ್ತುತ್ತ ಹೂಂಗುಟ್ಟುವರು. ಹೂಂ ಇಲ್ಲದೆ ಕತೆ ಮುಂದುವರಿಯಕೂಡದೆಂಬುದು ನಮ್ಮ ಬೀದಿಯ ಶಾಸನ. ಒಪ್ಪಿಗೆಯಾಗದಿದ್ದರೆ ಆಕೆ, "ಅದೆಂಗಾದದು?" ಎಂದು ರಾಟೆ ನಿಲ್ಲಿಸುವರು.

ಮಗಳನ್ನು ಯಳಂದೂರಿನ ಹುಡುಗನಿಗೆ ಕೊಡುವುದಾಗಿ ನೇಕಾರರು ಮಾತು ಕೊಟ್ಟು ಬಂದ ದಿನ, ಕತೆಯ ರಾಜ ಹುಲಿ ಕೊಂದವನಿಗೆ ಮಗಳನ್ನು ಕೊಟ್ಟ. ರಾಟೆ ನಿಂತಿತು.

"ಅದೆಂಗಾದದು? ಆ ಹೆಣ್ಣ ಕೇಳುದ್ನಾ?"

"ಕತೆ ಕಣಮ್ಮಿ, ಹೂಂ ಅನ್ನು."

"ಹುಲಿ ಕೊಂದೋನ್ಗೇ ನಾನು ಹೂಂ ಅನ್ನಕಿಲ್ಲ. ನಿಮ್ಮ ಯಳಂದೂರೋನು ಏನ್ ಕೊಂದವ್ನೆ?"

ನೇಕಾರರು ರಾಜಗಾಂಭೀರ್ಯದಿಂದ ಬಹಳ ಹೊತ್ತು ಕೆಮ್ಮಿ, ಮಗಳತ್ತ ತಿರುಗಿದರು. "ನೀನೇನಂತೀಯವ್ವಾ?"

"ನೋಡ್ದೆ ಏನನ್ಲಪ್ಪಾ?"

ವಾರದೊಳಗೆ ವರ ಬಂದ. ಹುಡುಗಿ ಎದುರಿಗೇ ಕೂತು ನೆಟ್ಟಗೆ ನೋಡಿದಳು. ಅವನು ಬೆವರುತ್ತ ಮೂರು ಲೋಟ ನೀರು ಕುಡಿದ.

"ಆಗ್ಲಿ ಬುಡಪ್ಪ, ಪಾಪ," ಎಂದು ಅಪ್ಪನಿಗೆ ಹೇಳಿದಳು.