ನಿಂಬೆರಸದಲ್ಲಿ ಎರಡು ಕಲ್ಲು

ಬೇಸಿಗೆಯ ಮಧ್ಯಾಹ್ನ. ಶಹಾಬಾದಿನ ನಮ್ಮ ಮನೆಯ ಪರ್ಸಿ ಕಲ್ಲಿನ ನೆಲ ಅಂಗಾಲು ಸುಡುತ್ತಿತ್ತು. ಮಾವನವರು ಮಾತ್ರ ಎರಡು ಕಂಬಳಿ ಹೊದ್ದು ನಡುಗುತ್ತಿದ್ದರು. ಮಂಚದ ಕಾಲು ನೆಲಕ್ಕೆ ತಾಗಿ ಟಕಟಕ ಸದ್ದಾಗುವಷ್ಟು ನಡುಕ.

ಅವರ ಮೂತ್ರಪಿಂಡದಲ್ಲಿ ಮತ್ತೆ ಕಲ್ಲಿದೆ ಎಂದು ಹಿಂದಿನ ವಾರವೇ ಗೊತ್ತಾಗಿತ್ತು. "ಬ್ಯಾನಿ ಇದ್ರ ಗುಳಿಗಿ ಕೊಡ್ರಿ. ಥಂಡಿ ಜ್ವರ ಬಂತಂದ್ರ ಮಾತ್ರ ಕಾಯಬ್ಯಾಡ್ರಿ, ಸೀದಾ ಕಲಬುರಗಿಗೆ ಒಯ್ರಿ" ಎಂದು ಊರಿನ ಡಾಕ್ಟರು ನನ್ನ ಮುಖ ನೋಡಿಯೇ ಹೇಳಿದ್ದರು. ಈಗ ಆ ಜ್ವರ ಬಂದಿತ್ತು. ವಾಡಿಯಲ್ಲಿ ಡ್ಯೂಟಿಯಲ್ಲಿದ್ದ ಯಜಮಾನರಿಗೆ ಫೋನು ಮಾಡಿದೆ. ಗಾಡಿ ತೆಗೆದುಕೊಂಡು ಬರುತ್ತೇನೆ ಎಂದರು. ಆದರೆ ಮಾವ ಏಳಲೊಲ್ಲರು.

ಆಯುಷ್ಯವೆಲ್ಲ ಪರ್ಸಿ ಕಲ್ಲು ಕೊಯ್ದು ಪಾಲಿಶ್ ಮಾಡಿಸಿದವರು ಅವರು. ನೆಲದ ಮೇಲೆ ನಿಂಬೆಹಣ್ಣು ಹಿಂಡಿದರೆ ಬುರುಬುರು ನೊರೆ ಎದ್ದು ಕಲ್ಲು ಕರಗಿ ಹೊಳಪು ಹೋಗುತ್ತದೆಂದು ಕೊಳ್ಳಲು ಬಂದವರಿಗೆಲ್ಲ ಎಚ್ಚರಿಕೆ ಹೇಳುತ್ತಿದ್ದರು. ಒಳಗಿನ ಕಲ್ಲಿಗೂ ಅದೇ ನ್ಯಾಯವೆಂದು ಬೆಳಗು, ಬೈಗು ನಿಂಬೆರಸ ಕುಡಿಯುತ್ತಿದ್ದರು.

"ಮಾಮಾರ, ಗಾಡಿ ಬರ್ಲಿಕತ್ತದ. ಏಳ್ರಿ."

"ಯಾಕ ಯವ್ವಾ? ಕಲ್ಲು ಕರಗ್ಲಿಕತ್ತದ, ಅದರ ಕಾವಿದು. ಸುಟ್ಟ ಸುಣ್ಣದಕಲ್ಲಿಗಿ ನೀರ ಹಾಕಿದ್ರ ಕುದಿಯಂಗಿಲ್ಲೇನು?"

"ಹೌದೌದು, ಹೊಟ್ಟ್ಯಾಗ ಭಟ್ಟಿ ಹಚ್ಯಾರ ಇವರು!" ಎಂದರು ಅತ್ತೆ. ಮಾತು ಚುಚ್ಚುವಂತಿತ್ತು, ಕೈಯಲ್ಲಿನ ಒದ್ದೆ ಬಟ್ಟೆ ಮಾತ್ರ ಮಾವನ ಹಣೆಯ ಮೇಲೆ ಮೆಲ್ಲಗೆ ಓಡಾಡುತ್ತಿತ್ತು.

ನಾನು ಕಲಿತ ಕಾನ್ವೆಂಟಿನಲ್ಲಿ ರಸಾಯನಶಾಸ್ತ್ರ ಹೇಳುತ್ತಿದ್ದ ಸಿಸ್ಟರು, 'ಕರಗುತ್ತದೆ' ಎಂಬುದು ಅರ್ಧ ಮಾತು, ಯಾವುದರಲ್ಲಿ ಎಂದು ಹೇಳಿದರೆ ಪೂರ್ತಿ ಎನ್ನುತ್ತಿದ್ದರು. ನೆಲದ ಕಲ್ಲು ಕಾರ್ಬೊನೇಟು, ಹುಳಿ ತಾಗಿದರೆ ಗುಳ್ಳೆಯೆಬ್ಬಿಸಿ ಕರಗುತ್ತದೆ. ದೇಹದೊಳಗೆ ಬೆಳೆಯುವುದು ಹೆಚ್ಚಾಗಿ ಆಕ್ಸಲೇಟು. ಎರಡರಲ್ಲೂ ಕ್ಯಾಲ್ಸಿಯಂ ಇದೆ, ಗುಣ ಬೇರೆ. ಆದರೆ ಇದನ್ನು ನಡುಗುತ್ತಿರುವ ಮನುಷ್ಯನಿಗೆ ಹೇಗೆ ಹೇಳುವುದು? ಕಲ್ಲಿನ ವಿಷಯದಲ್ಲಿ ಅವರು ಕಣ್ಣಾರೆ ಕಂಡದ್ದನ್ನೇ ನಂಬುವವರು.

ಹೋದ ವರ್ಷ ಮೂತ್ರದಲ್ಲಿ ತಾನಾಗಿಯೇ ಬಿದ್ದಿದ್ದ ಒಂದು ಹರಳನ್ನು ಅವರು ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟಿದ್ದರು. ಬಂದ ನೆಂಟರಿಗೆಲ್ಲ ತೋರಿಸಿ, ಚಹಾ ಕುಡಿಯುವವರ ಬಾಯಿ ಕೆಡಿಸಿ ಅತ್ತೆಯಿಂದ ಬೈಸಿಕೊಳ್ಳುತ್ತಿದ್ದರು. ನಾನು ಅದನ್ನು ತೆಗೆದೆ. ಅಂಗಳದಿಂದ ಪರ್ಸಿಯ ಸಣ್ಣ ಚಕ್ಕೆಯೊಂದನ್ನು ಆರಿಸಿ ತಂದೆ. ಎರಡು ಬಟ್ಟಲಿಗೆ ನಿಂಬೆರಸ ಹಿಂಡಿ ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟೆ.

"ನೋಡ್ರಿ ಮಾಮಾರ. ಇದು ನಿಮ್ಮ ಪರ್ಸಿ."

ಚಕ್ಕೆಯ ಸುತ್ತ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಸಾಲುಸಾಲಾಗಿ ಎದ್ದವು. ಮಾವ ಮೊಣಕೈ ಊರಿ ತಲೆಯೆತ್ತಿದರು. "ಮತ್ತ? ನಾ ಏನಂದೆ?"

ಇನ್ನೊಂದು ಬಟ್ಟಲಿಗೆ ಹರಳು ಬಿಡುವಾಗ ನನಗೇ ಖಾತ್ರಿಯಿರಲಿಲ್ಲ. ಓದಿದ್ದು ಎಂದೋ, ಮರೆತದ್ದು ಎಷ್ಟೋ. ಎಲ್ಲ ಹರಳೂ ಒಂದೇ ಬಗೆಯಲ್ಲವೆಂದೂ ಕೇಳಿದ್ದೆ. ಇದೂ ಗುಳ್ಳೆ ಬಿಟ್ಟರೆ? ಆಮೇಲೆ ಯಾರು ಹೇಳಿದರೂ ಅವರು ಮಂಚ ಬಿಟ್ಟು ಇಳಿಯುವುದಿಲ್ಲ. ಹರಳು ತಳ ಸೇರಿತು. ಮಗ್ಗುಲಿಗೆ ಒಂದು ಗುಳ್ಳೆ ಅಂಟಿದ್ದು ಕಂಡು ಬಗ್ಗಿ ನೋಡಿದೆ. ಅದು ಬೀಳುವಾಗ ಸಿಕ್ಕಿಕೊಂಡ ಗಾಳಿ. ಮೇಲೆ ಬಂದು ಒಡೆಯಿತು, ಮತ್ತೊಂದು ಬರಲಿಲ್ಲ.

ಮಾವ ಬೆರಳಿನಿಂದ ಹರಳನ್ನು ಹೊರಳಿಸಿದರು. ಮತ್ತೆ ಹೊರಳಿಸಿದರು. "ನಿಂಬಿಹಣ್ಣು ಹಳೇದೇನು?"

"ಎರಡಕ್ಕೂ ಒಂದ ಹಣ್ಣು ಹಿಂಡೀನ್ರಿ."

ಅವರು ಚಕ್ಕೆಯ ಬಟ್ಟಲು ನೋಡಿದರು, ಹರಳಿನ ಬಟ್ಟಲು ನೋಡಿದರು. ಹೊರಗೆ ಗಾಡಿಯ ಹಾರನ್ ಕೇಳಿತು. "ನನ್ನ ಧೋತರ ಎಲ್ಲ್ಯದ?" ಎಂದರು.

ಗಾಡಿಯಲ್ಲಿ ಅತ್ತೆ ಮುಂದೆ ಮಗನ ಪಕ್ಕ ಕುಳಿತರು, ನಾನು ಹಿಂದೆ ಮಾವನ ಜೊತೆ. ಊರು ದಾಟಿದ ಮೇಲೆ ಮಾವ ನನಗಷ್ಟೇ ಕೇಳುವಂತೆ ಕೇಳಿದರು: "ಯವ್ವಾ, ಕರಗಂಗಿಲ್ಲಂದ್ರ... ಕೊಯ್ತಾರೇನು?"

ಇಷ್ಟು ದಿನ ಅವರು ನಿಂಬೆರಸದ ಜೊತೆ ಯಾವ ಭಯ ನುಂಗುತ್ತಿದ್ದರೆಂದು ಆಗ ತಿಳಿಯಿತು. ಇಲ್ಲವೆನ್ನಲು ನನಗೆ ಧೈರ್ಯವಿರಲಿಲ್ಲ. "ಗೊತ್ತಿಲ್ರಿ ಮಾಮಾರ. ನಾ ಬಾಜೂಕ ಇರ್ತೀನಿ" ಎಂದೆ.

ಕೊಯ್ಯಲಿಲ್ಲ. ಕಲ್ಲು ದಾರಿ ಕಟ್ಟಿ ಒಳಗೆ ಕೀವಾಗಿದೆ ಎಂದು ಆಸ್ಪತ್ರೆಯವರು ಮೊದಲು ಸಣ್ಣ ನಳಿಗೆಯೊಂದನ್ನು ಇಳಿಸಿದರು, ಕಲ್ಲಿನ ಮಾತು ಜ್ವರ ಬಿಟ್ಟ ಮೇಲೆ ಎಂದರು. ನಳಿಗೆಯಿಂದ ಚೀಲಕ್ಕೆ ಇಳಿಯುತ್ತಿದ್ದ ಮೂತ್ರ ಮೊದಲು ಅಕ್ಕಿ ತೊಳೆದ ನೀರಿನಂತಿತ್ತು. ಮರುದಿನ ಮಧ್ಯಾಹ್ನದ ಹೊತ್ತಿಗೆ ಅದರಾಚೆಗಿನ ಗೋಡೆಯ ಗೆರೆ ಕಾಣುವಷ್ಟು ತಿಳಿಯಾಗತೊಡಗಿತು.

ಅದನ್ನು ಅತ್ತೆಗೆ ಹೇಳಲು ಹೊರಗೆ ಬಂದೆ. ಅಷ್ಟರಲ್ಲಿ ವಾರ್ಡಿನ ಒಳಗಿನಿಂದ ಮಾವನ ದನಿ: "ಇದೇನ್ ಚಹಾ ಏನ್ರಿ, ಬಿಸಿನೀರು!"

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಬೆಂಚಿಗೆ ಒರಗಿದರು. "ಬೈಲಿಕತ್ತಾರ. ಈಗರ ಒಂದೀಟು ಊಟ ಮಾಡಮು ನಡಿ."