ಪಿಸುಮಾತಿನವನ ಅಂಗಡಿಯಲ್ಲಿ ದೊಡ್ಡಮ್ಮ

ನಮ್ಮ ದೊಡ್ಡಮ್ಮನಿಗೆ ಇದ್ದದ್ದು ಒಂದೇ ಹುಚ್ಚು. ಹಳೆಯ, ಅಪರೂಪದ ಪುಸ್ತಕಗಳನ್ನು ಮಾರುವ ಅಂಗಡಿಯಲ್ಲಿ ಕೆಲಸ ಮಾಡಬೇಕು ಎನ್ನುವುದು. ಓದುವ ಹುಚ್ಚಲ್ಲ ಮತ್ತೆ. ಅವಳು ಒಂದು ಕಥೆಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದನ್ನು ಮನೆಯಲ್ಲಿ ಯಾರೂ ಕಂಡಿರಲಿಲ್ಲ.

ಕೋರ್ಟಿನ ಹಿಂಬದಿಯ ಬೈಂಡಿಂಗ್ ಕಾರ್ಖಾನೆಯಲ್ಲಿ ಅವಳು ಮೂವತ್ತೊಂದು ವರ್ಷ ರಿಜಿಸ್ಟರುಗಳನ್ನು ಹೊಲಿದಳು. ಹಾಳೆ ಮಡಿಸು, ದಬ್ಬಳದಿಂದ ತೂತು ಹಾಕು, ಮೇಣ ಸವರಿದ ದಾರದಿಂದ ಹೊಲಿ, ಬೆನ್ನಿಗೆ ಅಂಟು ಬಳಿ, ರಟ್ಟು ಕೂರಿಸು. ಹಾಗೆ ಹೊಲಿದ ರಿಜಿಸ್ಟರುಗಳಲ್ಲಿ ಅರ್ಧಕ್ಕರ್ಧ ಯಾವುದೋ ಕಚೇರಿಯ ಅಟ್ಟದಲ್ಲಿ ಇಲಿಗಳ ಪಾಲಾಗುತ್ತಿದ್ದವು. ಸಂಜೆ ಬಸ್‌ಸ್ಟಾಪಿನಲ್ಲಿ ನಿಂತರೆ ಎದುರಿಗೇ ಅಂಥದೊಂದು ಪುಸ್ತಕದಂಗಡಿ. ಗಾಜಿನ ಹಿಂದೆ ಚರ್ಮದ ಹೊದಿಕೆಯ ದಪ್ಪ ಪುಸ್ತಕಗಳು, ಚಿನ್ನದ ಬಣ್ಣದ ಅಕ್ಷರಗಳು, ಹಳದಿ ದೀಪ. ಒಳಗೆ ಹೋದವರು ಚಪ್ಪಲಿ ಸದ್ದಾಗದಂತೆ ಓಡಾಡುತ್ತಿದ್ದರು. ಅದನ್ನು ನೋಡುತ್ತಾ ದೊಡ್ಡಮ್ಮ ಎಷ್ಟೋ ಸಲ ಬಸ್ಸು ತಪ್ಪಿಸಿಕೊಂಡಿದ್ದಳು.

ದೊಡ್ಡಪ್ಪನಿಗೆ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಕೆಲಸ. "ಹಳೇದನ್ನ ನೋಡ್ಕೊಳ್ಳೋ ಆಸೆ ಇದ್ರೆ ಮನೇಲಿ ನಾನಿದೀನಲ್ಲ" ಎಂದು ಅವರು ರೇಗಿಸುತ್ತಿದ್ದರು.

"ನೀವು ಹಳೇದು, ಒಪ್ಕೋತೀನಿ. ಅಪರೂಪ ಅಂತ ಯಾರು ಹೇಳಿದ್ದು?" ಎನ್ನುತ್ತಿದ್ದಳು ದೊಡ್ಡಮ್ಮ.

ಕಚೇರಿಗಳಿಗೆಲ್ಲ ಕಂಪ್ಯೂಟರ್ ಬಂದು ಕಾರ್ಖಾನೆ ಮುಚ್ಚಿತು. ಆಗ ಅವಳಿಗೆ ಐವತ್ತಮೂರು. ಒಂದು ವಾರ ಸುಮ್ಮನಿದ್ದವಳು, ಎಂಟನೆಯ ದಿನ ಇದ್ದುದರಲ್ಲೇ ಒಳ್ಳೆಯ ಬಟ್ಟೆ ಹಾಕಿಕೊಂಡು ನೇರವಾಗಿ ಆ ಅಂಗಡಿಗೇ ಹೋದಳು. ಮಾಲೀಕ ಸಣಕಲು ಮನುಷ್ಯ, ಕೈಗೆ ಬಿಳಿ ಗ್ಲೌಸ್, ಮಾತೆಲ್ಲ ಪಿಸುಪಿಸು. ಅವಳು ತಂದ ಅರ್ಜಿಯನ್ನು ಪಕ್ಕಕ್ಕಿಟ್ಟು ಅವಳ ದಡ್ಡುಗಟ್ಟಿದ ಹೆಬ್ಬೆರಳುಗಳನ್ನು ನೋಡಿದ.

"ನಮಗೆ ಇಂಥಾ ಕೈಗಳೇ ಬೇಕಾಗಿದ್ವು" ಎಂದು ಪಿಸುಗುಟ್ಟಿದ.

ಅವತ್ತು ದೊಡ್ಡಮ್ಮನ ಕಾಲು ನೆಲದ ಮೇಲಿರಲಿಲ್ಲ.

ಎರಡನೆಯ ವಾರಕ್ಕೇ ನೆಲ ಸಿಕ್ಕಿತು. ಹೋಟೆಲುಗಳ ಒಳಾಲಂಕಾರ ಮಾಡುವ ಹೆಂಗಸೊಬ್ಬಳು ಬಂದು, "ಎರಡು ಕಪಾಟು ಕಂದು, ಒಂದು ಕಪಾಟು ಹಸಿರು. ಒಳಗೆ ಏನಿದ್ರೂ ಪರವಾಗಿಲ್ಲ" ಎಂದಳು. ತಮಾಷೆಯಿರಬೇಕೆಂದು ದೊಡ್ಡಮ್ಮ, "ತಿಳಿ ಹಸಿರೋ, ಕಡು ಹಸಿರೋ?" ಎಂದಳು. ಆಕೆ ಗಂಭೀರವಾಗಿ ಚೀಲದಿಂದ ಸೋಫಾ ಬಟ್ಟೆಯ ತುಂಡೊಂದನ್ನು ತೆಗೆದು ಮೇಜಿನ ಮೇಲಿಟ್ಟಳು.

ಆಮೇಲೆ ಒಂದು ಮಧ್ಯಾಹ್ನ ಮಾಲೀಕ ಹಿಂದಿನ ಕೋಣೆಯಲ್ಲಿ ಕೂತು, ನೂರೈವತ್ತು ವರ್ಷದ ಅಟ್ಲಾಸಿನಿಂದ ಬ್ಲೇಡಿನಲ್ಲಿ ಒಂದೊಂದೇ ನಕ್ಷೆ ಕತ್ತರಿಸುತ್ತಿದ್ದ. ಗಾಜಿನ ಕಟ್ಟು ಹಾಕಿಸಿ ಮಾರಲಿಕ್ಕೆ.

"ಇಡೀ ಪುಸ್ತಕ ಆದ್ರೆ ಒಬ್ಬನೇ ಗಿರಾಕಿ, ಬಿಡಿ ಬಿಡಿ ಆದ್ರೆ ನಲವತ್ತು ಜನ" ಎಂದ.

"ಮಾಂಸ ಮಾರೋನೂ ಇದನ್ನೇ ಹೇಳ್ತಾನೆ. ಆದ್ರೆ ಅವನು ಪಿಸುಗುಟ್ಟಲ್ಲ" ಎಂದು ದೊಡ್ಡಮ್ಮ ಮನೆಗೆ ಬಂದು ಉರಿದುಬಿದ್ದಳು. ಅಂದಿನಿಂದ ಅವನಿಗೆ ನಮ್ಮ ಮನೆಯಲ್ಲಿ ಪಿಸುಮಾತಿನವನು ಎಂದೇ ಹೆಸರು.

ಆದರೂ ಕೆಲಸ ಬಿಡಲಿಲ್ಲ. ಅಷ್ಟು ವರ್ಷ ಆಸೆಪಟ್ಟದ್ದನ್ನು ಒಂದು ಬ್ಲೇಡಿಗೆ ಹೆದರಿ ಬಿಡುವುದುಂಟೇ? ಆ ತಿಂಗಳ ಕೊನೆಗೆ ಅವನು ಒಂದೇ ಪ್ರವಾಸಕಥನದ ಎರಡು ಪ್ರತಿ ತಂದುಕೊಟ್ಟ. ಒಂದು ಮೊದಲ ಮುದ್ರಣದ್ದು. ಗೆದ್ದಲು ತಿಂದು ಹೆಸರಿನ ಹಾಳೆಯಷ್ಟೇ ಉಳಿದಿತ್ತು. ಇನ್ನೊಂದು ಎಷ್ಟೋ ವರ್ಷ ಆಮೇಲಿನದು, ಗಟ್ಟಿಮುಟ್ಟು.

"ಇದರ ಹಾಳೆ ತೆಗೆದು ಅದಕ್ಕೆ ಕೂರಿಸಿ. ದುರಸ್ತಿ ಅಷ್ಟೇ."

ದೊಡ್ಡಮ್ಮ ಕೂರಿಸಿದಳು. ಜೋಡಣೆ ಕಾಣದಂತೆ ಅಂಟಿಗೆ ಚಹಾದ ಬಣ್ಣ ಬೆರೆಸಿದ್ದೂ ಅವಳೇ. ಊಟಕ್ಕೆ ಕೂತಾಗ ಅದನ್ನು ಹೆಮ್ಮೆಯಿಂದ ಕೈಯಾಡಿಸಿ ವಿವರಿಸಿದಳು. ದೊಡ್ಡಪ್ಪ ಪೂರ್ತಿ ಕೇಳಿಸಿಕೊಂಡು, "ಅಂದ್ರೆ ಎಂಜಿನ್ ಒಂದರದ್ದು, ನಂಬರ್ ಪ್ಲೇಟ್ ಇನ್ನೊಂದರದ್ದು" ಎಂದರು. ಅವರು ಈ ಸಲ ರೇಗಿಸಿರಲಿಲ್ಲ. ದೊಡ್ಡಮ್ಮ ಅರ್ಧಕ್ಕೇ ಎದ್ದು ಕೈ ತೊಳೆದಳು.

ನಾಲ್ಕು ದಿನದ ಮೇಲೆ ಆ ಪುಸ್ತಕ ಕೊಳ್ಳಲು ಹಲ್ಲಿನ ಡಾಕ್ಟರೊಬ್ಬರು ಬಂದರು. ಭೂತಗನ್ನಡಿ ಹಿಡಿದು ಹೆಸರಿನ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಪಿಸುಮಾತಿನವನು, "ಅನುಮಾನ ಇದ್ರೆ ನಮ್ಮ ಬೈಂಡರನ್ನೇ ಕೇಳಿ. ಇದರಲ್ಲೇ ಕೂದಲು ಹಣ್ಣಾದವರು" ಎಂದ.

ದೊಡ್ಡಮ್ಮ ಮುಂದೆ ಬಂದಳು. "ಆ ಹಾಳೆ ಈ ಪುಸ್ತಕದ್ದಲ್ಲ. ನಾಲ್ಕು ದಿನದ ಹಿಂದೆ ನಾನೇ ಅಂಟಿಸಿದ್ದು."

"ಏನ್ರೀ ಹೇಳ್ತಿದೀರ ನೀವು!" ಮಾಲೀಕ ಕಿರುಚಿದ. ಅವನಿಗೂ ಎಲ್ಲರ ಹಾಗೆ ಗಂಟಲಿದೆ ಎನ್ನುವುದು ಅವಳಿಗೆ ಗೊತ್ತಾದದ್ದು ಅವತ್ತೇ.

ಡಾಕ್ಟರು ಮಾತ್ರ ಕೂಗಾಡಲಿಲ್ಲ. ಭೂತಗನ್ನಡಿ ಜೇಬಿಗಿಟ್ಟುಕೊಂಡು, "ಬೇರೆಯವರಿಗೆ ಗೊತ್ತಾಗುತ್ತಾ?" ಎಂದು ಕೇಳಿದರು.

"ಹೊಲಿಯೋರಿಗೆ ಗೊತ್ತಾಗುತ್ತೆ."

"ನಮ್ಮನೆಗೆ ಬರೋರಲ್ಲಿ ಹೊಲಿಯೋರು ಯಾರೂ ಇಲ್ಲ." ಮಾಲೀಕನ ಕಡೆ ತಿರುಗಿ, "ರೇಟು ಸ್ವಲ್ಪ ಇಳಿಸಿ, ಪ್ಯಾಕ್ ಮಾಡಿ" ಎಂದರು.

ದೊಡ್ಡಮ್ಮ ತನ್ನ ದಬ್ಬಳವನ್ನು ಚೀಲಕ್ಕೆ ಹಾಕಿಕೊಂಡು ಹೊರಬಿದ್ದಳು. "ಅವನು ಕಳ್ಳ ಅಂತ ಗೊತ್ತಿತ್ತು" ಎಂದಳು ನನಗೆ. "ಕಳ್ಳಮಾಲನ್ನ ಕೇಳಿ ಕೇಳಿ ತಗೊಳ್ಳೋ ಹಲ್ಕಿರಿಯೋ ಡಾಕ್ಟರನ್ನ ಇವತ್ತು ನೋಡ್ದೆ." ಬಾಯಿ ಜೋರೇ ಇತ್ತು. ಆದರೆ ಮುಂದಿನ ಎರಡು ತಿಂಗಳು ಎಲ್ಲಿಗೆ ಹೋಗಬೇಕಾದರೂ ಅವಳು ಆ ರಸ್ತೆ ತಪ್ಪಿಸಲು ಎರಡು ಬಸ್ಸು ಬದಲಾಯಿಸುತ್ತಿದ್ದಳು.

ಈಗ ವಾರಕ್ಕೆ ಮೂರು ದಿನ ನಗರಸಭೆಯ ಗ್ರಂಥಾಲಯದಲ್ಲಿ ಹರಿದ ಪುಸ್ತಕ ಹೊಲಿಯುತ್ತಾಳೆ. ಅಲ್ಲಿಯವರ ಬಗ್ಗೆಯೂ ಅವಳಿಗೆ ಒಳ್ಳೆಯ ಅಭಿಪ್ರಾಯವೇನಿಲ್ಲ. ಎಂಜಲು ಹಚ್ಚಿ ಹಾಳೆ ತಿರುವುವವರು, ಪೇಪರ್ ಅಡ್ಡ ಹಿಡಿದು ಗೊರಕೆ ಹೊಡೆಯುವವರು. ಮೊನ್ನೆ ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರು, ಪತ್ತೇದಾರಿ ಕಾದಂಬರಿಯ ಕೊನೆಯ ನಾಲ್ಕು ಪುಟಗಳೇ ಇಲ್ಲವೆಂದು ಅವಳ ಮೇಲೆ ಹರಿಹಾಯ್ದರು.

"ನಾನೇನು ತಿಂದ್ನಾ?" ಎಂದು ರೇಗಿದ ದೊಡ್ಡಮ್ಮ, ಪುಸ್ತಕವನ್ನು ಮನೆಗೆ ತಂದು ಎರಡು ದಿನ ಕೂತು ಓದಿದಳು. ಮೂರನೆಯ ದಿನ, ಕೊಂದವನು ತೋಟದ ಮಾಲಿ ಎಂದು ಅವರಿಗೆ ಹೇಳಿದಳು. ಪೋಸ್ಟ್‌ಮ್ಯಾನ್ ಒಪ್ಪಲಿಲ್ಲ, ವಕೀಲನೇ ಎಂದರು. "ಕಣ್ಣಿದ್ದೂ ಓದಲ್ಲ ಈ ಜನ" ಎಂದು ಗೊಣಗುತ್ತಾ ಅವಳು ಆ ಕಾದಂಬರಿಯನ್ನು ಈಗ ಎರಡನೆಯ ಸಲ ಓದುತ್ತಿದ್ದಾಳೆ.